ನಾವೆಲ್ಲ ಕೂಡಿ ಒಂದು ಬಸ್ಸಾದದ್ದು

ಕೆಟ್ಟು ನಿಂತ ಬಸ್ಸನ್ನು ತಳ್ಳಲು ಕೆಳಗಿಳಿಯುವ ಪ್ರಯಾಣಿಕರಲ್ಲಿ ಮೊದಲು ತಳ್ಳುವವರು ಯಾರು ಎಂಬ ಪ್ರಶ್ನೆ ನಿಮ್ಮನ್ನು ಎಂದಾದರೂ ಕಾಡಿದೆಯೇ? ಕಾಡಿರಲಿಕ್ಕಿಲ್ಲ. ಬಸ್ಸು ನಿಂತಾಗ ಬಲ್ಲವರು ಬಸ್ಸನ್ನು ತಳ್ಳುತ್ತಾರೆ, ಪ್ರಶ್ನೆಗಳನ್ನು ನನ್ನಂಥವರಿಗೆ ಬಿಟ್ಟುಕೊಡುತ್ತಾರೆ. ಹಳ್ಳಿಖೇಡದಿಂದ ಹುಮನಾಬಾದಿನ ಕಾಲೇಜಿಗೆ ದಿನಾಲೂ ಓಡಾಡುವ ನಾನು, ಒಂದು ಕೈಯನ್ನು ಮರ್ಯಾದೆಗೆಂದು ಬಸ್ಸಿನ ಬೆನ್ನಿನ ಮೇಲಿಟ್ಟು, ಉಳಿದ ಮನಸ್ಸನ್ನೆಲ್ಲ ಸುತ್ತಲಿನವರ ಮುಖದ ಮೇಲಿಟ್ಟು ಈ ವಿಷಯವನ್ನು ಬಹಳ ಸಲ ಪರಿಶೀಲಿಸಿದ್ದೇನೆ. ಯಾರೋ ಒಬ್ಬರು 'ಹೂಂ, ಹಚ್ಚ್ರಿ!' ಎಂದು ಕೂಗುವುದು ನಿಜ. ಆದರೆ ಕೂಗು ಹೊರಡುವ ಹೊತ್ತಿಗೆ ಬಸ್ಸು ಆಗಲೇ ಕೂದಲೆಳೆಯಷ್ಟು ಜರುಗಿರುತ್ತದೆ. ಅಂದರೆ ಅಪ್ಪಣೆ ಬರುವ ಮೊದಲೇ ಕೆಲಸ ಶುರುವಾಗಿರುತ್ತದೆ, ಕೂಗಿದವನು ಆದದ್ದನ್ನು ಘೋಷಿಸಿರುತ್ತಾನೆ, ಅಷ್ಟೇ. ಹಾಗಾದರೆ ಆ ಮೊದಲ ಕೂದಲೆಳೆಯ ಚಲನೆ ಯಾರದು?

ಇಂಥವನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಡುತ್ತೇನೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಎಲ್ಲಿ ನಿಂತಿತು, ಕಬ್ಬಿನ ಟ್ರ್ಯಾಕ್ಟರು ಎಷ್ಟು ಹೊತ್ತು ದಾರಿ ಬಿಡಲಿಲ್ಲ, ಯಾವ ಪಾಠದಲ್ಲಿ ಎಷ್ಟು ಮಂದಿ ಆಕಳಿಸಿದರು ಎಂಬುದಕ್ಕೆಲ್ಲ ನನ್ನಲ್ಲಿ ತಾರೀಖುಗಳಿವೆ, ಮೊತ್ತಗಳಿವೆ. 'ಚಿತ್ರಗುಪ್ತಗ ರಜಾ ಬೇಕಾದಾಗ ನಿನಗೇ ಹೇಳಿ ಕಳಸ್ತಾನ ನೋಡು' ಎನ್ನುತ್ತಾಳೆ ನಮ್ಮಕ್ಕ. ನಾನು ಅದನ್ನೂ ಬರೆದುಕೊಂಡಿದ್ದೇನೆ. ಎಣಿಸಿ ಬರೆದಿಟ್ಟದ್ದು ತಿಳಿದಂತೆಯೇ ಎಂಬ ಭ್ರಮೆಯಲ್ಲಿ ನಾನು ಬಹುಕಾಲ ಸುಖವಾಗಿದ್ದೆ. ಆ ಸುಖಕ್ಕೆ ಹೋದ ವರ್ಷ ಒಂದು ನಾಟಕ ಅಡ್ಡ ಬಂತು.

ನಮ್ಮ ಕಾಲೇಜಿನ ವಾರ್ಷಿಕ ಸಮ್ಮೇಳನವನ್ನು ಎಲ್ಲರೂ 'ಗ್ಯಾದರಿಂಗ್' ಎಂದೇ ಕರೆಯುವುದು. ಅದಕ್ಕೆ ಒಂದು ನಾಟಕ ಆಗಲೇಬೇಕು, ಅದರಲ್ಲಿ ಒಬ್ಬ ರಾಜ ಇರಲೇಬೇಕು, ರಾಜನ ಮೀಸೆ ಒಂದು ಮಗ್ಗುಲಿಗೆ ಕಿತ್ತು ಬರಲೇಬೇಕು ಎಂಬುದು ನಡೆದುಬಂದ ಸಂಪ್ರದಾಯ. ಹೋದ ವರ್ಷ ಇತಿಹಾಸ ಕಲಿಸಲು ಧಾರವಾಡದ ಕಡೆಯಿಂದ ಬಂದ ಸರೋಜಾ ಮೇಡಂ ನಾಟಕದ ಹೊಣೆ ಹೊತ್ತಾಗ, ನಾನು ನನ್ನ ಅಂದವಾದ ಅಕ್ಷರದ ನೆಚ್ಚಿಕೆಯಿಂದ ಪ್ರಾಂಪ್ಟರನ ಕೆಲಸಕ್ಕೆ ಹೆಸರು ಕೊಟ್ಟೆ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುವ ಆ ಹುದ್ದೆ ನನ್ನಂಥ ಲೆಕ್ಕಿಗನಿಗೆ ಹೇಳಿ ಮಾಡಿಸಿದ್ದು. ಮೊದಲ ದಿನ ಪುಸ್ತಕ ಎಲ್ಲಿ ಎಂದು ಕೇಳಿದೆ.

'ಪುಸ್ತಕ ಇಲ್ಲ. ನಾವೇ ಮಾಡೋಣ' ಎಂದರು ಮೇಡಂ.

'ಕಥಿ?'

'ಅದೂ ಇಲ್ಲ.'

'ಹಂಗಾದ್ರ ರಾಜಾನ ಪಾರ್ಟು ಯಾರಿಗ್ರಿ?' ಎಂದು ಕೇಳಿದವನು ಶಬ್ಬೀರ. ಹುಮನಾಬಾದಿನ ಹಳೆ ಬಜಾರಿನವನು. ಎರಡು ವರ್ಷ ಮಂತ್ರಿಯಾಗಿ ದುಡಿದು, ಈ ಸಲ ಬಡ್ತಿಯ ನಿರೀಕ್ಷೆಯಲ್ಲಿದ್ದವನು.

'ರಾಜನೂ ಇಲ್ಲ' ಎಂದರು ಮೇಡಂ.

'ಮೇಡಂ, ಅಂಗಡಿ ತೆಗದೀರಿ, ಮಾಲ್ ಏನೂ ಇಟ್ಟಿಲ್ಲಲ್ರಿ!' ಎಂದ ಶಬ್ಬೀರ. ನಾವೆಲ್ಲ ನಕ್ಕೆವು, ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು.

ಮೊದಲ ವಾರಗಳಲ್ಲಿ ನಾವು ಮಾಡಿದ ಕೆಲಸವೆಂದರೆ ನಡೆಯುವುದು. ಕಾಲೇಜಿನ ದೊಡ್ಡ ಕೋಣೆಯ ಬೆಂಚುಗಳನ್ನು ಗೋಡೆಗೆ ಸರಿಸಿ, ಬೇಕಾದ ಕಡೆ ನಡೆದಾಡಬೇಕು. ಯಾರೂ ಹೇಳದೆ, ಯಾರೂ ಸನ್ನೆ ಮಾಡದೆ, ಎಲ್ಲರೂ ಒಮ್ಮೆಲೇ ನಿಲ್ಲಬೇಕು. ಹಾಗೆಯೇ ಒಮ್ಮೆಲೇ ಹೊರಡಬೇಕು. ಕೇಳಲಿಕ್ಕೆ ಇದಕ್ಕಿಂತ ಸುಲಭವಾದದ್ದಿಲ್ಲ, ಮಾಡಲಿಕ್ಕೆ ನಿಂತರೆ ಇದಕ್ಕಿಂತ ಅವಮಾನಕರವಾದದ್ದಿಲ್ಲ. ಒಬ್ಬ ನಿಂತರೆ ಇನ್ನೊಬ್ಬ ಅವನ ಬೆನ್ನಿಗೆ ಹಾಯುತ್ತಿದ್ದ. ಶಬ್ಬೀರ ಕೆಮ್ಮಿ ಸನ್ನೆ ಮಾಡುವ ವ್ಯವಸ್ಥೆ ಮಾಡಿಕೊಂಡ. ಮರುದಿನ ಅವನಿಗೆ ನಿಜವಾಗಿ ನೆಗಡಿಯಾಗಿ ನಾವು ಹೆಜ್ಜೆಗೊಮ್ಮೆ ನಿಲ್ಲುವಂತಾಯಿತು. ನಾನು ಮೂಲೆಯಲ್ಲಿ ಕುಳಿತು ಯಾರು ಮೊದಲು ನಿಂತರು, ಯಾರು ಕೊನೆಗೆ ನಿಂತರು ಎಂದು ಗೆರೆ ಹಾಕಿಕೊಂಡು ಗುರುತು ಮಾಡುತ್ತಿದ್ದೆ. ಮೇಡಂ ಒಮ್ಮೆ ಬಗ್ಗಿ ಅದನ್ನು ನೋಡಿ, 'ಚಲೋ ಅದ. ಆದರ ನೀನೂ ಒಳಗ ಬಂದರ ಕೋಣಿ ತುಂಬತದ' ಎಂದು ಕೈ ಹಿಡಿದು ಎಬ್ಬಿಸಿದರು.

ಹಾಗೆ ಒಳಗೆ ಹೋದದ್ದರಿಂದ ಆ ದಿನ ನಾನು ಅಲ್ಲಿದ್ದೆ. ನವೆಂಬರಿನ ಒಂದು ಸಂಜೆ. ನಡೆಯುತ್ತಿದ್ದೆವು, ನಿಂತೆವು. ಅಷ್ಟೇ. ಒಂದು ಕಾಲೂ ಹಿಂದುಳಿಯಲಿಲ್ಲ, ಒಂದು ಚಪ್ಪಲಿಯೂ ಸದ್ದು ಮಾಡಲಿಲ್ಲ. ಕೋಣೆಯೇ ಉಸಿರು ಹಿಡಿದು ನಿಂತ ಹಾಗಾಯಿತು. ತೊಲೆಯ ಮೇಲಿನ ಪಾರಿವಾಳ ಕುತ್ತಿಗೆ ಓರೆ ಮಾಡಿ ನಮ್ಮನ್ನು ನೋಡಿತು. ಯಾರು ಮೊದಲು ನಿಂತರು? ನನಗೆ ಗೊತ್ತಿಲ್ಲ, ನಿಂತವರಲ್ಲಿ ನಾನೂ ಒಬ್ಬ, ಆದರೆ ನನ್ನ ಕಾಲಿಗೆ ನಿಲ್ಲು ಎಂದದ್ದು ನಾನಲ್ಲ. ಬಯಲಿನಲ್ಲಿ ಮೇಯುವ ಬೆಳ್ಳಕ್ಕಿಗಳ ಹಿಂಡು ಥಟ್ಟನೆ ಒಂದೇ ರೆಕ್ಕೆಯಾಗಿ ಏಳುವುದನ್ನು ನೀವು ಕಂಡಿರುತ್ತೀರಿ. ಅದನ್ನು ಹೊರಗೆ ನಿಂತು ಕಾಣುವುದು ಬೇರೆ, ಅದರೊಳಗಿನ ಒಂದು ಗರಿಯಾಗಿರುವುದು ಬೇರೆ. ಅಂದು ರಾತ್ರಿ ದಿನಚರಿಯಲ್ಲಿ ತಾರೀಖು ಬರೆದು, ಮುಂದೆ ಏನೂ ತೋಚದೆ ದೀಪ ಆರಿಸಿದೆ.

ಆ ಮೇಲೆ ಮೇಡಂ, 'ನಿಮಗೆಲ್ಲರಿಗೂ ಗೊತ್ತಿದ್ದು ನನಗ ಗೊತ್ತಿಲ್ಲದ್ದು ಏನದ?' ಎಂದು ಕೇಳಿದರು. ಒಬ್ಬೊಬ್ಬರು ಒಂದೊಂದು ಹೇಳಿದೆವು. ಎಲ್ಲ ಮಾತು ತಿರುಗಿ ತಿರುಗಿ ಬಸ್ಸಿಗೇ ಬಂದು ನಿಂತಿತು. ಹಳ್ಳಿಖೇಡದವರು, ಘಾಟಬೋರಾಳದವರು, ಬಸವಕಲ್ಯಾಣದವರು, ಎಲ್ಲರ ವಿದ್ಯೆಯೂ ಬಸ್ಸಿನ ಕೃಪೆಯಲ್ಲಿತ್ತು. ಬಸ್ಸನ್ನೇ ಮಾಡೋಣ ಎಂದಾಯಿತು. ಕುರ್ಚಿ, ತಗಡು, ಪರದೆ ಏನೂ ಇಲ್ಲ, ಮೈಗಳಿಂದಲೇ ಬಸ್ಸು.

ಬಸ್ಸೆಂದ ಕೂಡಲೇ ಎಲ್ಲರೂ ಡ್ರೈವರಾಗಲು ಎದ್ದರು. ಮೇಡಂ ಡ್ರೈವರನನ್ನೇ ತೆಗೆದುಹಾಕಿದರು. 'ಡ್ರೈವರ್ ಇಲ್ದ ಗಾಡಿ ಹ್ಯಾಂಗ ನಡೀತಾದ್ರಿ?' ಎಂದು ಶಬ್ಬೀರ ಕೇಳಿದರೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರಿನ್ಸಿಪಾಲರು, 'ಯಾಕ, ನಿಮ್ಮ ಕಾಲೇಜು ನಡ್ಯಾಕತ್ತಿಲ್ಲೇನು?' ಎಂದು ಹೇಳಿ ಹೋದರು. ಇಂಜಿನ್ನು ಯಾರಾಗಬೇಕೆಂದು ವಾದ ನಡೆದಾಗ, ಕಲ್ಯಾಣದ ಸುಮಂಗಲಾ, ಅಲ್ಲಿಯವರೆಗೆ ನೆಲ ನೋಡಿಯೇ ಮಾತಾಡುತ್ತಿದ್ದ ಹುಡುಗಿ, 'ನಮ್ಮ ಕಲ್ಯಾಣದ ಗಾಡಿ ಏರು ಹತ್ತೂದು ನೀವ್ಯಾರೂ ಕೇಳಿಲ್ಲ' ಎಂದು ಸೆರಗು ಸಿಕ್ಕಿಸಿ ಎದ್ದವಳೇ, ಹೊಟ್ಟೆಯ ಆಳದಿಂದ ಒಂದು ಗುಡುಗು ತೆಗೆದಳು. ಕಿಟಕಿಯ ಗಾಜು ಅದುರಿತೋ ಇಲ್ಲವೋ, ನಾವಂತೂ ಅದುರಿದೆವು. ಶಬ್ಬೀರ ಕಂಡಕ್ಟರಾದ. ಪ್ರಾಂಪ್ಟರನಾಗಿ ಬಂದ ನಾನು, ಉಳಿದ ಯಾವ ಭಾಗಕ್ಕೂ ಒಗ್ಗದೆ, ಗಾಡಿಯ ಹಿಂದೆ ಗುಂಡಗೆ ಮುದುಡಿ ಕುಳಿತುಕೊಳ್ಳುವ ಸ್ಟೆಪ್ನಿ ಚಕ್ರವಾದೆ. ಬೇಕಾದಾಗ ಬರುತ್ತದೆ ಎಂದು ಎಲ್ಲರೂ ಸಮಾಧಾನ ಮಾಡಿದರು. ಬೇಕಾಗಲಿಲ್ಲ.

ಬಾಗಿಲಾದವನು ಮಾಳಪ್ಪ. ಘಾಟಬೋರಾಳದ ಕುರಿಗಾರರ ಮನೆಯ ಹುಡುಗ, ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಹೋಗಿಬರುತ್ತ ಹಾಸ್ಟೆಲಿನಲ್ಲಿದ್ದವನು. ನಮ್ಮೆಲ್ಲರಿಗಿಂತ ಎತ್ತರ, ನಮ್ಮೆಲ್ಲರಿಗಿಂತ ಕಡಿಮೆ ಮಾತು. ನಮ್ಮ ಬಸ್ಸಿನ ಬಾಗಿಲು ತೆರೆಯುವಾಗ ಮೊದಲು ಮುನಿಸಿಕೊಳ್ಳುತ್ತದೆ, ಆಮೇಲೆ ಕಿರ್‍ರ್‍ರೆಂದು ದೂರು ಹೇಳುತ್ತದೆ, ಕೊನೆಗೆ ಒಮ್ಮೆಲೇ ಬಿಟ್ಟುಕೊಟ್ಟು ಪೆಟ್ಟು ಕೊಡುತ್ತದೆ. ಮಾಳಪ್ಪ ಈ ಮೂರನ್ನೂ ತನ್ನ ಉದ್ದನೆಯ ತೋಳಿನಲ್ಲೂ ಗಂಟಲಲ್ಲೂ ಹಾಗೆ ಹಾಗೆಯೇ ತಂದ. ಕೆಲವು ದಿನ ಕಳೆದ ಮೇಲೆ ನಮಗೆ ತಿಳಿಯಿತು: ಯಾರೂ ಗೊತ್ತು ಮಾಡದೆಯೇ, ಅವನು ಮುಚ್ಚಿಕೊಳ್ಳುವ ಸದ್ದಿಗೆ ಸುಮಂಗಲಾಳ ಇಂಜಿನ್ನು ಎಚ್ಚರಾಗುತ್ತಿತ್ತು, ಇಂಜಿನ್ನಿಗೆ ನಮ್ಮ ಮೈ ನಡುಗುತ್ತಿತ್ತು, ಗಾಡಿ ಹೊರಡುತ್ತಿತ್ತು. ಬಾಗಿಲು ಮುಚ್ಚದಿದ್ದರೆ ಹೊರಡಲು ನಮಗೆ ಬರುತ್ತಲೇ ಇರಲಿಲ್ಲ.

ಡಿಸೆಂಬರಿನಲ್ಲಿ ಮಾಳಪ್ಪ ಒಂದು ದಿನ ಬೆಂಚಿನ ಮೇಲೆ ತಲೆ ಹಿಡಿದು ಕುಳಿತಿದ್ದ. ಅವನ ಅಪ್ಪ ಬೀರಪ್ಪ ಗ್ಯಾದರಿಂಗಿಗೆ ಬರುವವನಿದ್ದ. ಕಾಲೇಜಿನಲ್ಲಿ ಏನು ಮಾಡುತ್ತಾರೆಂದು ಕಣ್ಣಾರೆ ನೋಡಿ, ಸರಿ ಕಂಡರೆ ಓದಿಸುವುದು, ಇಲ್ಲವಾದರೆ ಅಂದೇ ಸಂಜೆಯ ಬಸ್ಸಿಗೆ ಮಗನನ್ನು ಕರೆದುಕೊಂಡು ಹೋಗಿ ಅಣ್ಣನ ಜೊತೆ ಕುರಿಗೆ ಹಚ್ಚುವುದು ಎಂದು ಹೇಳಿ ಕಳಿಸಿದ್ದ. ಅದಕ್ಕಿಂತ ಕಷ್ಟದ ಸಂಗತಿ ಬೇರೆಯಿತ್ತು.

'ದೊಡ್ಡ ಪಾರ್ಟ್ ಅದ ಅಂತ ಹೇಳೀನಿ' ಎಂದ ಮಾಳಪ್ಪ. 'ರುಮಾಲು ಖರೀದಿ ಮಾಡ್ಯಾನಂತ. ಆಯೇರಿ ಮಾಡ್ಲಿಕ್ಕ.'

ನಮ್ಮ ಸೀಮೆಯ ಹಳ್ಳಿಯ ನಾಟಕ ಕಂಡವರಿಗೆ ಆಯೇರಿ ಗೊತ್ತು. ತಮ್ಮವನು ಪಾತ್ರ ಕಟ್ಟಿ ರಂಗಕ್ಕೆ ಬಂದ ಕೂಡಲೇ ಮನೆಯವರು ನಾಟಕವನ್ನು ನಿಲ್ಲಿಸಿ, ಮೇಲೆ ಹತ್ತಿ, ಅವನಿಗೆ ರುಮಾಲನ್ನೋ ಧೋತರವನ್ನೋ ಕೊಟ್ಟು ಮೆರೆಸುತ್ತಾರೆ. ಕೊಟ್ಟವರ ಹೆಸರು, ತೆಗೆದುಕೊಂಡ ಪಾತ್ರದ ಹೆಸರು ಎರಡನ್ನೂ ಕೂಗಿ ಹೇಳಲಾಗುತ್ತದೆ. ರಾಜನಿಗೆ ಆಯೇರಿಯುಂಟು, ರಾಕ್ಷಸನಿಗೂ ಉಂಟು. ಬಾಗಿಲಿಗೆ ಆಯೇರಿ ಮಾಡಿದ್ದನ್ನು ಯಾರು ಕಂಡಿದ್ದಾರೆ?

'ಸಾಯಲಿ, ನನ್ನ ಕಂಡಕ್ಟರ್ ಪಾರ್ಟ್ ನೀ ತಗೋ' ಎಂದ ಶಬ್ಬೀರ. ರಾಜಪದವಿಗಾಗಿ ಎರಡು ವರ್ಷ ಕಾದವನ ಬಾಯಿಂದ ಬಂದ ಈ ಮಾತನ್ನು ನಾನು ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ಅದಲುಬದಲು ಮಾಡಿಯೂ ನೋಡಿದೆವು. ಮಾಳಪ್ಪ ಕಂಡಕ್ಟರಾಗಿ 'ಟಿಕೀಟ' ಎಂದರೆ ಅವನೇ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ಕೇಳುತ್ತಿತ್ತು; ಶಬ್ಬೀರ ಬಾಗಿಲಾದರೆ ಬಸ್ಸು ಹೊರಡುತ್ತಿರಲಿಲ್ಲ. ಅವನ ಸದ್ದಿಗೆ ಸುಮಂಗಲಾಳಿಗೆ ನಗು ಬರುತ್ತಿತ್ತೇ ಹೊರತು ಇಂಜಿನ್ನು ಬರುತ್ತಿರಲಿಲ್ಲ. ಕೊನೆಗೆ ಮಾಳಪ್ಪನೇ, 'ಬಿಡ್ರೋ, ಹೋಗೂದಿದ್ರ ಬಾಗಲಾಗೇ ಹೋಗ್ತೀನಿ' ಎಂದು ತನ್ನ ಜಾಗಕ್ಕೆ ಹೋಗಿ ನಿಂತ.

ಗ್ಯಾದರಿಂಗಿನ ಮಧ್ಯಾಹ್ನ ಪೆಂಡಾಲು ತುಂಬಿತ್ತು. ಬೀರಪ್ಪನನ್ನು ಯಾರೂ ತೋರಿಸಬೇಕಾಗಿರಲಿಲ್ಲ; ಮಗನ ಎತ್ತರ ಎಲ್ಲಿಂದ ಬಂದದ್ದೆಂದು ನೋಡಿದರೆ ತಿಳಿಯುತ್ತಿತ್ತು. ಮುಂದಿನ ಸಾಲಿನ ತುದಿಯಲ್ಲಿ, ಹೆಗಲ ಮೇಲೆ ಕಂಬಳಿ, ತೊಡೆಯ ಮೇಲೆ ಮಡಿಕೆ ಮುರಿಯದ ಕೇಸರಿ ರುಮಾಲು. ಮಾಳಪ್ಪ ಪರದೆಯ ಸಂದಿನಿಂದ ಒಮ್ಮೆ ನೋಡಿದ. ಅವನ ಚೀಲವೂ ಹಾಸಿಗೆಯ ಸುರುಳಿಯೂ ಕಟ್ಟಿಟ್ಟಾಗಿತ್ತು.

ನಾಟಕ ಶುರುವಾಯಿತು. ನಾವು ಒಬ್ಬೊಬ್ಬರಾಗಿ ಖಾಲಿ ರಂಗಕ್ಕೆ ಬಂದು ಬಸ್ಸಿಗಾಗಿ ಕಾಯುವ ಊರವರಾದೆವು. ಬೇಸರ, ಜಗಳ, ಎಲೆ ಅಡಿಕೆ, ಯಾರದೋ ಕೋಳಿ. ಬೀರಪ್ಪ ಪ್ರತಿಯೊಬ್ಬನ ತಲೆಯ ಮೇಲೂ ಕಿರೀಟ ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ, ನವೆಂಬರಿನ ಆ ಸಂಜೆಯ ಹಾಗೆ, ಎಲ್ಲರೂ ಒಮ್ಮೆಲೇ ನಿಂತೆವು. ಒಮ್ಮೆಲೇ ತಿರುಗಿದೆವು. ದೂರದಿಂದ ಸುಮಂಗಲಾಳ ಗುಡುಗು ಏರುತ್ತ ಬಂತು. ಕಾಯುತ್ತಿದ್ದವರಲ್ಲಿ ಅರ್ಧ ಮಂದಿ ಬಗ್ಗಿದರು, ಬಾಗಿದರು, ತೋಳು ತೋಳಿಗೆ ಸೇರಿ ಕಿಟಕಿಗಳಾದವು, ಬೆನ್ನು ಬೆನ್ನಿಗೆ ಸೇರಿ ಸೀಟುಗಳಾದವು, ನಾನು ಹಿಂದೆ ಮುದುಡಿದೆ. ಬಸ್ಸು ಕುಲುಕುತ್ತ ಬಂದು ರಂಗದ ನಡುವೆ ನಿಂತಿತು. ಉಳಿದರ್ಧ ಮಂದಿ ಹೋ ಎಂದು ನುಗ್ಗಿದರು.

ನಮ್ಮಲ್ಲಿ ಬಸ್ಸು ಹತ್ತುವವನು ಮೊದಲು ಬಾಗಿಲಿಗೆ ಹೋಗುವುದಿಲ್ಲ. ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ಲು ಒಗೆದು ಸೀಟು ಹಿಡಿದು, ಆಮೇಲೆ ಸಾವಕಾಶ ಹತ್ತುತ್ತಾನೆ. ಟವೆಲ್ಲು ಬಿದ್ದ ಸೀಟಿನಲ್ಲಿ ಯಾವ ಗೌಡನೂ ಕೂರುವ ಹಾಗಿಲ್ಲ. ಇದನ್ನು ನಾವು ನಾಟಕದಲ್ಲಿ ಸೇರಿಸಲು ಮರೆತಿದ್ದೆವು; ದಿನಾಲೂ ಮಾಡುವ ಕೆಲಸವಾದ್ದರಿಂದ ಯಾರ ನೆನಪಿಗೂ ಬಂದಿರಲಿಲ್ಲ. ಬೀರಪ್ಪನ ಕೈ ಮರೆತಿರಲಿಲ್ಲ. ನೂಕುನುಗ್ಗಲು ನೋಡಿದ್ದೇ ತಡ, ಅವನು ಎದ್ದು ನಿಂತವನೇ, ತೊಡೆಯ ಮೇಲಿದ್ದುದನ್ನು ಬಲಗೈಯಲ್ಲಿ ಎತ್ತಿ ಬೀಸಿ ಒಗೆದ. ಕೇಸರಿ ರುಮಾಲು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಬಂದು, ಎರಡು ತೋಳುಗಳ ನಡುವಿನ ಕಿಟಕಿಯಿಂದ ತೂರಿ, ಸರಿಯಾಗಿ ಒಂದು ಸೀಟಿನ ಮೇಲೆ ಬಿತ್ತು.

ಪೆಂಡಾಲು ಬಿದ್ದು ಬಿದ್ದು ನಕ್ಕಿತು. 'ಏ ಮುದಕಾ, ಟಿಕೀಟ ತಗೋ!' ಎಂದು ಹಿಂದಿನಿಂದ ಯಾರೋ ಕೂಗಿದರು. ಬೀರಪ್ಪ ತನ್ನ ಬರಿಗೈಯನ್ನು ನೋಡಿಕೊಂಡ. ಅದು ಬೇರೆಯವರ ಕೈ ಎಂಬಂತೆ ನೋಡಿಕೊಂಡ. ಕೂರಲೂ ಆಗದೆ ನಿಲ್ಲಲೂ ಆಗದೆ ಉಳಿದ.

ಶಬ್ಬೀರನಿಗೆ ಎಲ್ಲಿ ಮಾತು ಹೊರಡಬೇಕೋ ಅಲ್ಲಿ ಹೊರಡಲಿಲ್ಲ. ಪುಸ್ತಕವಿದ್ದಿದ್ದರೆ ನಾನು ಮುಂದಿನ ಮಾತು ಹೇಳಿಕೊಡುತ್ತಿದ್ದೆ. ಇರಲಿಲ್ಲ. ಎಲ್ಲರೂ ಬಸ್ಸು ಹತ್ತಿ ಮುಗಿದಿತ್ತು. ಇನ್ನು ಬಾಗಿಲು ಮುಚ್ಚಬೇಕು. ಮಾಳಪ್ಪ ಮುಚ್ಚಲಿಲ್ಲ. ಅವನ ತೋಳು ಮುನಿಸಿಕೊಂಡಿತು, ಕಿರ್‍ರ್‍ರೆಂದಿತು. ಸಾವಕಾಶವಾಗಿ, ತಂದೆ ನಿಂತಿದ್ದ ಕಡೆಗೆ ಪೂರ್ತಿ ತೆರೆದುಕೊಂಡು ಹಾಗೆಯೇ ನಿಂತಿತು. ಬಾಗಿಲು ತೆರೆದಿದ್ದರೆ ಇಂಜಿನ್ನಿಲ್ಲ. ಇಂಜಿನ್ನಿಲ್ಲದಿದ್ದರೆ ನಾವಿಲ್ಲ. ಇಡೀ ಬಸ್ಸು, ಸೀಟು ಕಿಟಕಿ ಚಕ್ರ ಸ್ಟೆಪ್ನಿ ಸಮೇತ, ಒಬ್ಬ ಪ್ರಯಾಣಿಕನಿಗಾಗಿ ಕಾಯಿತು.

ನಗು ಒಂದೊಂದೇ ಸಾಲಾಗಿ ಆರುತ್ತ ಹೋಯಿತು. ಅಷ್ಟು ಜನರ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ತಲೆ ಮೊಣಕಾಲ ನಡುವೆ ಇತ್ತು; ಸಂದಿಯಲ್ಲಿ ಸಿಕ್ಕದ್ದನ್ನು ಓರೆಗಣ್ಣಿನಿಂದ, ಉಳಿದದ್ದನ್ನು ಪಕ್ಕದವರ ಉಸಿರಿನಿಂದ ಕಾಣುತ್ತಿದ್ದೆ. ಬೀರಪ್ಪ ತೆರೆದ ಬಾಗಿಲನ್ನು ನೋಡಿದ, ಸೀಟಿನ ಮೇಲಿನ ತನ್ನ ರುಮಾಲನ್ನು ನೋಡಿದ. ಆಮೇಲೆ ಎರಡೂ ಕೈ ಎತ್ತಿ ಮುಗಿದು, ಕೆಟ್ಟ ರಸ್ತೆಯ ಪಕ್ಕದಲ್ಲಿ ನಿಂತು ಹೇಳುವಷ್ಟೇ ದೊಡ್ಡ ದನಿಯಲ್ಲಿ ಹೇಳಿದ:

'ಹೋಗ್ರಿ, ಹೋಗ್ರಿ ತಂದಿ. ನಾ ಹಿಂದಿನ ಗಾಡಿಗಿ ಬರ್ತೀನಿ.'

ಬಾಗಿಲು ಮುಚ್ಚಿತು. ಬಸ್ಸು ಹೊರಟಿತು. ಮುಂದಿನ ಆಟದುದ್ದಕ್ಕೂ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ, ಏರಿನಲ್ಲಿ ಏದುಸಿರು ಬಿಡುವಾಗ, ಎಷ್ಟು ನೂಕಾಟವಾದರೂ ರುಮಾಲಿದ್ದ ಸೀಟಿನಲ್ಲಿ ನಮ್ಮವರು ಯಾರೂ ಕೂರಲಿಲ್ಲ. ಕೂರಬೇಡಿರೆಂದು ಯಾರೂ ಯಾರಿಗೂ ಹೇಳಿರಲಿಲ್ಲ.

ನಾನು ದೇವರನ್ನು ಕಂಡವನಲ್ಲ, ಕಂಡೆನೆಂದು ಹೇಳುವ ಧೈರ್ಯದವನೂ ಅಲ್ಲ. ಆದರೆ ಇಲ್ಲದ ವಸ್ತುವೊಂದು ಎಲ್ಲರ ನಡುವೆ ಇರತೊಡಗುವುದನ್ನು ಕಂಡೆ. ನಾವು ತೋಳು ಬೆನ್ನು ಕೊಟ್ಟೆವು, ಬೀರಪ್ಪ ರುಮಾಲು ಕೊಟ್ಟ, ನಕ್ಕ ಜನ ಮೌನ ಕೊಟ್ಟರು. ಎಲ್ಲವೂ ಕೂಡಿ ಬಸ್ಸಾಯಿತು. ಅದರಲ್ಲಿ ಯಾರ ಪಾಲು ಎಷ್ಟೆಂದು ಬರೆಯಲು ಅಂದು ಕುಳಿತೆ. ಪಟ್ಟಿಯ ಮನೆ ಹಾಕಲು ಹಾಳೆಯ ನಡುವೆ ಗೆರೆ ಎಳೆದೆ. ಗೆರೆಯ ಎಡಕ್ಕೆ ಯಾರು, ಬಲಕ್ಕೆ ಯಾರು ಎಂಬುದೇ ತಿಳಿಯಲಿಲ್ಲ. ತಳ್ಳುವವರಲ್ಲಿ ಮೊದಲಿಗನನ್ನು ಹುಡುಕಿದ್ದೂ ಇಂಥದೇ ಗೆರೆ ಎಂದು ಈಗ ಅನ್ನಿಸುತ್ತದೆ.

ಆಯೇರಿಯ ಹೆಸರು ಕೂಗುವುದು ಆಗಲೇ ಇಲ್ಲ. ನಾಟಕ ಮುಗಿದ ಮೇಲೆ ರುಮಾಲನ್ನು ಮಡಿಸಿ ಕೊಡಲು ಹೋದ ಮೇಡಂಗೆ ಬೀರಪ್ಪ, 'ಗಾಡಿಯೊಳಗ ಇರ್ಲಿ ಬಿಡ್ರಿ' ಎಂದನಂತೆ. ಮಗನ ಪಾತ್ರ ಯಾವುದೆಂದು ಅವನು ಕೇಳಲಿಲ್ಲ, ಹೇಳುವ ಧೈರ್ಯ ನಮಗಾಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ನಾವೆಲ್ಲ ಹೋದೆವು. ಮಾಳಪ್ಪ ಚೀಲವನ್ನು ಹೆಗಲಿಗೆ ಹಾಕಿ, ಹಾಸಿಗೆಯನ್ನು ಕಂಕುಳಲ್ಲಿ ಹಿಡಿದು ಅಪ್ಪನ ಹಿಂದೆ ನಡೆದ. ಶಬ್ಬೀರ ಏನೋ ತಮಾಷೆ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟ. ಸುಮಂಗಲಾ ನೆಲ ನೋಡುತ್ತಿದ್ದಳು.

ಬೀರಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಬಾಗಿಲು ಹಿಡಿದು ಎಳೆದ. ಏನನ್ನಿಸಿತೋ, ಹಿಂದಕ್ಕೆ ನೂಕಿ ಮತ್ತೊಮ್ಮೆ ಎಳೆದು, ಕಿವಿಗೊಟ್ಟು ಕೇಳಿದ. ಕಂಡಕ್ಟರ್ ಒಳಗಿನಿಂದ, 'ಏ ಯಜಮಾನಾ, ಬಾಗಲ ಮುರೀತೀಯೇನು?' ಎಂದು ಗದರಿದ. ಬೀರಪ್ಪ ಅವನ ಕಡೆ ನೋಡಲಿಲ್ಲ. ಹತ್ತಲು ಬಂದ ಮಗನ ಎದೆಗೆ ಅಂಗೈ ಹಚ್ಚಿ ತಡೆದ.

'ಇದು ಬರಾಬರ್ ಒದರಂಗಿಲ್ಲಲೇ ಮಾಳ್ಯಾ' ಎಂದ. 'ನೀನೇ ಚಲೋ ಒದರತಿದ್ದಿ. ಇಲ್ಲೇ ಇರು, ಕಲಿ. ಕುರಿ ನಾ ನೋಡ್ಕೋತೀನಿ.'

ಬಾಗಿಲು ಎಳೆದುಕೊಂಡ. ಬಸ್ಸು ಹೊರಟಿತು. ಮಾಳಪ್ಪ ಹಾಸಿಗೆ ಹಿಡಿದುಕೊಂಡು ನಿಂತೇ ಇದ್ದ, ಅವನ ಸುತ್ತ ನಾವು ನಿಂತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಕಾಲೇಜಿನ ಕಡೆಗೆ ಎಲ್ಲರೂ ಒಮ್ಮೆಲೇ ತಿರುಗಿದೆವು.